ದಿನ ಮತ್ತು ಕಥೆ: ಓವಿಡನ ‘ಫಾಸ್ಟಿ’ಯಲ್ಲಿ ರೋಮನ್ ದೇವತಾರಾಧನೆ

ಪ್ರಾಚೀನ ರೋಮಿನ ದೇವತೆಗಳನ್ನು ಪರಿಚಯಿಸುವಾಗ ಗ್ರೀಕ್ ದೇವತೆಗಳ ಪಕ್ಕದಲ್ಲಿ ಅವರನ್ನು ನಿಲ್ಲಿಸುವುದು ಬಹುಕಾಲದ ರೂಢಿ. ಸ್ಯೂಸನೇ ಜುಪಿಟರ್, ಹೀರಾಳೇ ಜೂನೊ, ಏರೀಸನೇ ಮಾರ್ಸ್, ಅಥೀನಾಳೇ ಮಿನರ್ವ ಎಂದು ಎರಡು ಸಾಲಿನ ಪಟ್ಟಿಯೊಂದು ವಿಶ್ವಕೋಶಗಳಲ್ಲೂ ಶಾಲಾಪಠ್ಯಗಳಲ್ಲೂ ಸಿದ್ಧವಾಗಿರುತ್ತದೆ. ಈ ಪಟ್ಟಿ ಪೂರ್ತಿ ಸುಳ್ಳಲ್ಲ; ಈ ಸಮೀಕರಣವನ್ನು ರೋಮನ್ನರೇ ಒಪ್ಪಿದ್ದರು, ತಮ್ಮ ಕವಿತೆಗಳಲ್ಲಿ ಧಾರಾಳವಾಗಿ ಬಳಸಿಕೊಂಡಿದ್ದರು. ಆದರೆ ಪಟ್ಟಿಯಲ್ಲಿ ಸ್ಥಾನ ದೊರೆಯದೆ ಉಳಿದವರನ್ನು ನೋಡಿದಾಗ ಅದರ ಮಿತಿ ಅರಿವಾಗುತ್ತದೆ. ಬಾಗಿಲು ಮತ್ತು ಆರಂಭಗಳ ದೇವತೆ ಜೇನಸ್, ಎಲ್ಲೆಗಲ್ಲಿನ ದೇವತೆ ಟರ್ಮಿನಸ್, ಬೆಳೆಗೆ ಹತ್ತುವ ತುಕ್ಕುರೋಗದ ದೇವತೆ ರೊಬಿಗೊ, ವರ್ಷದ ಆವರ್ತನೆಯನ್ನು ಹೆಸರಿನಲ್ಲೇ ಹೊತ್ತ ಅನ್ನಾ ಪೆರೆನ್ನಾ, ಇವರಿಗೆ ಗ್ರೀಸಿನಲ್ಲಿ ಜೋಡಿಯಿಲ್ಲ. ಇವರ ಬಗ್ಗೆ ಹೇಳಿಕೊಳ್ಳುವಂಥ ಪುರಾಣವೂ ಹೆಚ್ಚಿಲ್ಲ. ಇವರಿಗಿದ್ದದ್ದು ವರ್ಷದಲ್ಲಿ ಒಂದು ದಿನ, ನಗರದಲ್ಲೋ ಹೊಲದಲ್ಲೋ ಒಂದು ಜಾಗ, ತಪ್ಪದೆ ನಡೆಯಬೇಕಾದ ಒಂದು ಕ್ರಿಯೆ. ಕಥೆಯಿಲ್ಲದ ದೇವರನ್ನು ಅರಿಯುವ ಬಗೆ ಯಾವುದು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಈ ಪ್ರಶ್ನೆಯನ್ನು ರೋಮಿನೊಳಗಿಂದಲೇ ಎದುರಿಸಿದ ಕಾವ್ಯವೆಂದರೆ ಓವಿಡನ ‘ಫಾಸ್ಟಿ’.

ಓವಿಡ್ ಕ್ರಿ.ಪೂ. 43ರಲ್ಲಿ ಇಟಲಿಯ ಸುಲ್ಮೊದಲ್ಲಿ ಹುಟ್ಟಿದವನು. ಪ್ರಣಯಕವಿಯೆಂದು ಹೆಸರಾಗಿದ್ದ ಆತ ಕ್ರಿಸ್ತಶಕದ ಮೊದಲ ದಶಕದಲ್ಲಿ ಎರಡು ದೊಡ್ಡ ಕಾರ್ಯಗಳನ್ನು ಒಟ್ಟಿಗೆ ಕೈಗೆತ್ತಿಕೊಂಡ. ಒಂದು, ಗ್ರೀಕ್ ಪುರಾಣಗಳ ಮಹಾಸಂಗ್ರಹವಾದ ‘ಮೆಟಮಾರ್ಫಸಿಸ್’. ಇನ್ನೊಂದು, ರೋಮಿನ ಪಂಚಾಂಗವನ್ನು ತಿಂಗಳಿಗೊಂದು ಸರ್ಗದಂತೆ, ದಿನದಿಂದ ದಿನಕ್ಕೆ ಅನುಸರಿಸಿ ಹೋಗುವ ‘ಫಾಸ್ಟಿ’. ಕ್ರಿ.ಶ. 8ರಲ್ಲಿ ಅಗಸ್ಟಸ್ ಚಕ್ರವರ್ತಿ ಅವನನ್ನು ಕಪ್ಪು ಸಮುದ್ರದ ತೀರದ ಟೋಮಿಸ್‌ಗೆ, ಇಂದಿನ ರುಮೇನಿಯದ ಕಾನ್ಸ್ಟಾಂಟಾಕ್ಕೆ, ಗಡೀಪಾರು ಮಾಡಿದ. ಅಲ್ಲಿಂದ ಅವನು ಮರಳಲಿಲ್ಲ. ‘ಫಾಸ್ಟಿ’ಯ ಆರು ಸರ್ಗಗಳಷ್ಟೇ ಉಳಿದುಬಂದಿವೆ: ಜನವರಿಯಿಂದ ಜೂನ್‌ವರೆಗೆ, ಸುಮಾರು ಐದು ಸಾವಿರ ಸಾಲುಗಳು.

ಕಾವ್ಯದ ಹೆಸರೇ ಪಂಚಾಂಗದ ಹೆಸರು. ಕ್ರಿ.ಪೂ. 46–45ರಲ್ಲಿ ಜೂಲಿಯಸ್ ಸೀಸರ್ ವರ್ಷಗಣನೆಯನ್ನು ಸುಧಾರಿಸಿದ ಮೇಲೆ ಇಟಲಿಯ ಊರೂರುಗಳಲ್ಲಿ ಪಂಚಾಂಗವನ್ನು ಅಮೃತಶಿಲೆಯಲ್ಲಿ ಕೊರೆಸಿ ನಿಲ್ಲಿಸುವುದು ಪದ್ಧತಿಯಾಯಿತು. ಅಂಥ ನಲವತ್ತಕ್ಕೂ ಹೆಚ್ಚು ಪಂಚಾಂಗಗಳ ತುಣುಕುಗಳು ದೊರೆತಿವೆ. ಸುಧಾರಣೆಗೆ ಮುಂಚಿನದು ಒಂದೇ ಒಂದು. ಗೋಡೆಯ ಗಾರೆಯ ಮೇಲೆ ಬಣ್ಣದಲ್ಲಿ ಬರೆದ ಅದು ಆಂಟಿಯಮ್‌ನಲ್ಲಿ, ಇಂದಿನ ಆಂಟ್ಸಿಯೊದಲ್ಲಿ, 1915ರಲ್ಲಿ ಬೆಳಕಿಗೆ ಬಂತು. ಪ್ರೆನೆಸ್ಟೆ ಊರಿನಲ್ಲಿ ವೆರಿಯಸ್ ಫ್ಲಾಕಸ್ ಎಂಬ ವಿದ್ವಾಂಸ ಸಿದ್ಧಪಡಿಸಿದ ಪಂಚಾಂಗ ಇವೆಲ್ಲದರಲ್ಲಿ ಹೆಚ್ಚು ವಿವರವುಳ್ಳದ್ದು. ಆತ ಅಗಸ್ಟಸನ ಮೊಮ್ಮಕ್ಕಳ ಗುರು, ಓವಿಡನ ಸಮಕಾಲೀನ. ಈ ಪಂಚಾಂಗಗಳಲ್ಲಿ ಪ್ರತಿ ದಿನದ ಎದುರಿಗೂ ಒಂದೆರಡು ಅಕ್ಷರಗಳ ಗುರುತುಗಳಿರುತ್ತವೆ. ನ್ಯಾಯಾಧಿಕಾರಿ ತೀರ್ಪಿನ ವಿಧಿವಾಕ್ಯಗಳನ್ನು ಉಚ್ಚರಿಸಬಹುದಾದ ದಿನ ‘ಫಾಸ್ಟಸ್’, ಉಚ್ಚರಿಸಬಾರದ ದಿನ ‘ನೆಫಾಸ್ಟಸ್’. ‘ಮಾತನಾಡು’ ಎಂಬ ಅರ್ಥದ ಲ್ಯಾಟಿನ್ ಧಾತುವಿನೊಂದಿಗೆ ರೋಮನ್ನರು ಈ ಶಬ್ದವನ್ನು ಜೋಡಿಸುತ್ತಿದ್ದರು. ಆದ್ದರಿಂದ ‘ಫಾಸ್ಟಿ’ ಎಂಬುದು ಮೂಲತಃ ಯಾವಾಗ ಮಾತು ಸಲ್ಲುತ್ತದೆ, ಯಾವಾಗ ಸಲ್ಲುವುದಿಲ್ಲ ಎಂಬುದರ ಪಟ್ಟಿ. ಗಡೀಪಾರಾದ ಕವಿಯ ಕೃತಿಗೆ ಈ ಹೆಸರಿರುವುದನ್ನು ಹಳೆಯ ವಿಮರ್ಶೆ ಹೆಚ್ಚು ಗಮನಿಸಲಿಲ್ಲ. ಡೆನಿಸ್ ಫೀನಿ 1992ರ ತಮ್ಮ ಪ್ರಬಂಧದಲ್ಲಿ ಇದನ್ನೇ ಕೇಂದ್ರಕ್ಕೆ ತಂದ ಮೇಲೆ ಕಾವ್ಯದ ಓದು ಬೇರೆ ದಾರಿ ಹಿಡಿಯಿತು.

ಅದಕ್ಕೆ ಹಿಂದಿನ ನೂರು ವರ್ಷ ‘ಫಾಸ್ಟಿ’ ಎರಡು ಮನೆಯ ಅತಿಥಿಯಾಗಿದ್ದು ಎರಡು ಕಡೆಯೂ ಉಪವಾಸ ಬಿದ್ದಿತ್ತು ಎನ್ನಬಹುದು. ಧರ್ಮದ ಇತಿಹಾಸಕಾರರಿಗೆ ಅದು ಆಕರಗ್ರಂಥ. ವಾರ್ಡ್ ಫೌಲರ್ 1899ರಲ್ಲಿ ಗಣರಾಜ್ಯ ಕಾಲದ ಹಬ್ಬಗಳನ್ನು ತಿಂಗಳುವಾರಾಗಿ ವಿವರಿಸಿದಾಗ ಓವಿಡನಿಂದ ಹೆಜ್ಜೆಹೆಜ್ಜೆಗೂ ಮಾಹಿತಿಯನ್ನು ಎತ್ತಿಕೊಳ್ಳಬೇಕಾಯಿತು. ಗಿಯಾರ್ಗ್ ವಿಸ್ಸೋವಾ 1902ರ ಮಹಾಗ್ರಂಥದಲ್ಲಿ ರೋಮನ್ ಆರಾಧನೆಯನ್ನು ಗ್ರೀಕ್ ಪುರಾಣದ ನೆರಳಿನಿಂದ ಬಿಡಿಸಿ ನೋಡಿದ. ಅವನ ದೃಷ್ಟಿಗೆ ಕವಿಯ ಕಥೆಗಳು ಸೋಸಿ ತೆಗೆಯಬೇಕಾದ ಹೊಟ್ಟು. ಜೇಮ್ಸ್ ಫ್ರೇಜರ್ 1929ರಲ್ಲಿ ಐದು ಸಂಪುಟಗಳ ಆವೃತ್ತಿಯನ್ನೇ ಹೊರತಂದ. ಆದರೆ ಆ ವಿಪುಲ ಟಿಪ್ಪಣಿಗಳಲ್ಲಿ ಕವಿತೆಯ ಒಂದೊಂದು ಸಾಲೂ ಭೂಮಂಡಲದ ಎಲ್ಲ ಮೂಲೆಗಳ ಆಚರಣೆಗಳಿಗೆ ನೆಪವಾಗುತ್ತದೆ. ಓದುಗ ಸುಲ್ಮೊದ ಕವಿಯನ್ನು ಬಿಟ್ಟು ಎಲ್ಲೆಲ್ಲಿಗೋ ಹೋಗಿ ಬರುತ್ತಾನೆ. ಸಾಹಿತ್ಯ ವಿಮರ್ಶಕರಿಗಾದರೋ ಇದು ಅರಮನೆಯನ್ನು ಮೆಚ್ಚಿಸಲು ಬರೆದ, ವಿಷಯಕ್ಕೆ ಮನಸ್ಸು ಕೊಡದ ಅರೆಬರೆ ಕೃತಿ. ಎರಡು ಪಕ್ಷಗಳೂ ಒಂದು ನಂಬಿಕೆಯನ್ನು ಹಂಚಿಕೊಂಡಿದ್ದವು: ಆಚರಣೆ ನಿಜ, ಕಥೆ ಅದರ ಮೇಲಿನ ಲೇಪ. ‘ಫಾಸ್ಟಿ’ಯನ್ನು ನಿಧಾನವಾಗಿ ಓದಿದರೆ ಈ ಎರಡರ ಸಂಬಂಧವನ್ನು ಓವಿಡ್ ಅಷ್ಟು ಸರಳವಾಗಿ ತಿಳಿದಿರಲಿಲ್ಲವೆಂಬುದು ಗೋಚರವಾಗುತ್ತದೆ.

ಮೊದಲ ಸರ್ಗದ ಜೇನಸ್ ಪ್ರಸಂಗ ಇದಕ್ಕೆ ತಕ್ಕ ಪ್ರವೇಶ. ಬರೆಯುವ ಹಲಗೆ ಹಿಡಿದು ಕುಳಿತ ಕವಿಯೆದುರು ಇಬ್ಬದಿ ಮುಖದ ದೇವರು ಪ್ರತ್ಯಕ್ಷನಾಗುತ್ತಾನೆ. ಗ್ರೀಸಿನಲ್ಲಿ ಸಾಟಿಯಿಲ್ಲದ ನಿನ್ನನ್ನು ಯಾರೆಂದು ಬಣ್ಣಿಸಲಿ ಎಂಬುದೇ ಕವಿಯ ಮೊದಲ ಕಷ್ಟ. ಅವನ ಪ್ರಶ್ನೆಗಳೆಲ್ಲ ಆಚರಣೆಯ ಪ್ರಶ್ನೆಗಳು: ಬೇರೆ ದೇವರಿಗೆ ಪೂಜೆ ಸಲ್ಲಿಸುವಾಗಲೂ ಧೂಪ ಮತ್ತು ಮದ್ಯ ಮೊದಲು ನಿನಗೇಕೆ? ವರ್ಷದ ಮೊದಲ ದಿನ ಖರ್ಜೂರ, ಅಂಜೂರ, ಜೇನುತುಪ್ಪ ಹಂಚುವುದೇಕೆ? ಹಬ್ಬದ ದಿನವಾದರೂ ನ್ಯಾಯಾಲಯ ತೆರೆದಿರುವುದೇಕೆ? ದೇವರ ಉತ್ತರಗಳು ವ್ಯಾವಹಾರಿಕವಾಗಿವೆ. ತಾನು ಬಾಗಿಲು ಕಾಯುವವನಾದ್ದರಿಂದ ಬೇರೆಯವರ ಬಳಿಗೆ ಹೋಗಲು ತನ್ನ ಮೂಲಕವೇ ಹೋಗಬೇಕು. ಆರಂಭದ ದಿನ ಸಿಹಿಯಾಗಿದ್ದರೆ ವರ್ಷ ಸಿಹಿಯಾಗುತ್ತದೆ. ಮೊದಲ ದಿನವೇ ಕೆಲಸ ನಿಂತರೆ ವರ್ಷವೆಲ್ಲ ಸೋಮಾರಿಯಾದೀತು. ಈ ದೇವರಿಗೆ ಹೇಳಿಕೊಳ್ಳಲು ಕುಲವೃತ್ತಾಂತ ಹೆಚ್ಚಿಲ್ಲ, ಇರುವುದೆಲ್ಲ ಕೆಲಸ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸ್ಥಾಪಕ ವಿಲಿಯಂ ಜೋನ್ಸ್ 1784ರಲ್ಲಿ ಗ್ರೀಸ್, ಇಟಲಿ, ಭಾರತಗಳ ದೇವತೆಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಜೇನಸನನ್ನು ಗಣೇಶನೊಡನೆ ಹೋಲಿಸಿದ. ಆ ಪ್ರಬಂಧದ ಅನೇಕ ಹೋಲಿಕೆಗಳು ಇಂದು ನಿಲ್ಲವು. ಇದು ಮಾತ್ರ ಪೂರ್ತಿ ಬಿದ್ದುಹೋಗಿಲ್ಲ. ಕಾರಣ, ಇಲ್ಲಿ ಜೋನ್ಸ್ ಹಿಡಿದದ್ದು ಕಥೆಗಳ ಸಾಮ್ಯವನ್ನಲ್ಲ, ‘ಮೊದಲ ಪೂಜೆ’ ಎಂಬ ಕ್ರಮದ ಸಾಮ್ಯವನ್ನು. ಅವನು ಎಡವಿದ್ದು ಆ ಕ್ರಮಸಾಮ್ಯದಿಂದ ಎರಡು ದೇವತೆಗಳಿಗೂ ಒಂದೇ ಮೂಲವನ್ನು ಊಹಿಸಿದಾಗ. ಗಣೇಶನಿಗೆ ಜನನದಿಂದ ಹಿಡಿದು ಕಥೆಗಳ ರಾಶಿಯೇ ಇದೆ; ಜೇನಸನಿಗೆ ಅದಿಲ್ಲವೆಂಬ ಭೇದ ಅವನಿಗೆ ಮುಖ್ಯವೆನಿಸಲಿಲ್ಲ.

ಆಚರಣೆ ಮತ್ತು ಕಥೆಯ ಸಂಬಂಧ ಅತ್ಯಂತ ಸ್ಪಷ್ಟವಾಗಿ ಕಾಣುವುದು ನಾಲ್ಕನೆಯ ಸರ್ಗದ ರೊಬಿಗಾಲಿಯಾ ಪ್ರಸಂಗದಲ್ಲಿ. ಏಪ್ರಿಲ್ 25. ಕವಿ ನೊಮೆಂಟಮ್‌ನಿಂದ ರೋಮಿಗೆ ಮರಳುತ್ತಿದ್ದಾನೆ. ದಾರಿಯ ನಡುವೆ ಬಿಳಿಯುಡುಗೆಯ ಜನರ ಗುಂಪು ಎದುರಾಗುತ್ತದೆ. ಕ್ವಿರಿನಸ್ ದೇವತೆಯ ಅರ್ಚಕನಾದ ಫ್ಲಾಮೆನ್, ನಾಯಿಯ ಮತ್ತು ಕುರಿಯ ಒಳಾಂಗಗಳನ್ನು ಅಗ್ನಿಗೆ ಅರ್ಪಿಸಲು ರೊಬಿಗೊ ದೇವತೆಯ ತೋಪಿನತ್ತ ಹೋಗುತ್ತಿದ್ದಾನೆ. ಕವಿ ಕುತೂಹಲದಿಂದ ಹಿಂಬಾಲಿಸುತ್ತಾನೆ. ಅರ್ಚಕನ ಪ್ರಾರ್ಥನೆಯನ್ನು ಅವನು ಸವಿಸ್ತಾರವಾಗಿ ಕೊಡುತ್ತಾನೆ. ಎಳೆಯ ಪೈರನ್ನು ಬಿಟ್ಟುಬಿಡು, ಅದರ ಬದಲು ಕತ್ತಿ ಈಟಿಗಳನ್ನು ಹಿಡಿ, ಲೋಕಕ್ಕೆ ಅವು ಬೇಡ, ಗುದ್ದಲಿ ನೇಗಿಲುಗಳು ಹೊಳೆಯುತ್ತಿರಲಿ ಎಂಬುದು ಆ ಬೇಡಿಕೆಯ ಸಾರ. ಲ್ಯಾಟಿನ್ನಿನ ‘ರೊಬಿಗೊ’ ಕಬ್ಬಿಣದ ತುಕ್ಕೂ ಹೌದು, ಗೋಧಿಯ ರೋಗವೂ ಹೌದು. ಪ್ರಾರ್ಥನೆಯ ಬಲವಿರುವುದು ಈ ದ್ವಂದ್ವಾರ್ಥದಲ್ಲಿ. ಕನ್ನಡದಲ್ಲಿಯೂ ‘ತುಕ್ಕು’ ಎರಡಕ್ಕೂ ಸಲ್ಲುವುದರಿಂದ ಇತರ ಭಾಷೆಗಳಲ್ಲಿ ಟಿಪ್ಪಣಿ ಬೇಡುವ ಈ ಶ್ಲೇಷೆ ಕನ್ನಡ ಓದುಗನಿಗೆ ನೇರವಾಗಿ ತಲಪುತ್ತದೆ. ಪ್ರಾರ್ಥನೆಯ ಬಳಿಕ ಅರ್ಚಕನ ಬಲಗೈಯಲ್ಲಿನ ಜೂಲಿರುವ ವಸ್ತ್ರ, ಮದ್ಯದ ಬಟ್ಟಲು, ಧೂಪದ ಪೆಟ್ಟಿಗೆ ಒಂದೊಂದಾಗಿ ಕಾಣಿಸುತ್ತವೆ. ಕವಿ ಕೇಳುವುದು ಒಂದೇ ಪ್ರಶ್ನೆ: ನಾಯಿಯೇ ಏಕೆ? ಆಕಾಶದಲ್ಲಿ ನಾಯಿಯ ಹೆಸರಿನ ನಕ್ಷತ್ರವೊಂದಿದೆ, ಅದು ಮೂಡಿದಾಗ ನೆಲ ಬಾಯಾರಿ ಬೆಳೆ ಅಕಾಲದಲ್ಲಿ ಮಾಗುತ್ತದೆ, ಆ ನಾಯಿಗೆ ಬದಲಾಗಿ ಈ ನಾಯಿ ಎಂದು ಅರ್ಚಕ ಹೇಳುತ್ತಾನೆ. ತನ್ನ ಹೆಸರಿನ ಹೊರತು ಸಾಯಲು ಬೇರೆ ಕಾರಣ ಆ ಪ್ರಾಣಿಗಿಲ್ಲ.

ಆಕರಗ್ರಂಥವೆಂದು ನೋಡಿದರೆ ಈ ಪ್ರಸಂಗದಲ್ಲಿ ದೋಷಗಳಿವೆ. ಏಪ್ರಿಲ್ ಕೊನೆಯಲ್ಲಿ ಆ ನಕ್ಷತ್ರ ಸಂಜೆ ಅಸ್ತವಾಗುತ್ತದೆಯೇ ಹೊರತು ಉದಯಿಸುವುದಿಲ್ಲ. ಪ್ರೆನೆಸ್ಟೆಯ ಪಂಚಾಂಗ ಈ ಬಲಿಯ ಸ್ಥಳವನ್ನು ಕ್ಲಾಡಿಯಾ ಮಾರ್ಗದ ಐದನೆಯ ಮೈಲಿಗಲ್ಲೆಂದು ಹೇಳುತ್ತದೆ; ನೊಮೆಂಟಮ್‌ನ ದಾರಿ ಬೇರೆ. ವ್ಯಾಖ್ಯಾನಕಾರರು ಈ ಎರಡನ್ನು ಹೊಂದಿಸಲು ಬಹಳ ಶ್ರಮಪಟ್ಟಿದ್ದಾರೆ. ಆದರೆ ಈ ಶ್ರಮದಲ್ಲಿ ಮುಖ್ಯವಾದುದು ಕೈತಪ್ಪುತ್ತದೆ. ರೊಬಿಗೊ ಯಾರ ಮಗಳು, ಯಾರನ್ನು ಮದುವೆಯಾದಳು, ಯಾವ ವೀರನ ಮೇಲೆ ಮುನಿದಳು ಎಂಬ ಒಂದು ಮಾತನ್ನೂ ‘ಮೆಟಮಾರ್ಫಸಿಸ್’ ಬರೆದ ಕೈ ಇಲ್ಲಿ ಬರೆದಿಲ್ಲ. ಕಥೆ ಕಟ್ಟುವುದರಲ್ಲಿ ಲೋಕಪ್ರಸಿದ್ಧನಾದವನು ಇಲ್ಲಿ ಕೈಕಟ್ಟಿ ನಿಂತು ನೋಡಿದ್ದಾನೆ. ಈ ಸಂಯಮವನ್ನು ವಿಷಯಕ್ಕೆ ಮನಸ್ಸು ಕೊಡದವನ ಲಕ್ಷಣವೆನ್ನಲಾಗದು.

ಇದಕ್ಕೆ ವಿರುದ್ಧವಾದ ತುದಿ, ಒಂದು ಆಚರಣೆಗೆ ಹಲವು ಕಾರಣಗಳು. ಫೆಬ್ರವರಿ 15ರ ಲೂಪರ್ಕಾಲಿಯಾದಲ್ಲಿ ಲೂಪರ್ಕಿ ಎಂಬ ಯುವಕರು ಬರಿಮೈಯಲ್ಲಿ ಓಡುತ್ತ ಆಡಿನ ಚರ್ಮದ ಪಟ್ಟಿಗಳಿಂದ ಹೆಂಗಸರನ್ನು ಹೊಡೆಯುತ್ತಿದ್ದರು. ಬರಿಮೈ ಏಕೆ ಎಂಬುದಕ್ಕೆ ಓವಿಡ್ ಆರ್ಕೇಡಿಯದ ದನಗಾಹಿ ದೇವರ ಪ್ರಾಚೀನತೆಯನ್ನು ಹೇಳುತ್ತಾನೆ. ಹರ್ಕ್ಯುಲೀಸ್ ಮತ್ತು ಓಂಫಲೆ ಬಟ್ಟೆ ಅದಲುಬದಲು ಮಾಡಿಕೊಂಡ ರಾತ್ರಿ ಫಾನಸ್ ಮೋಸಹೋಗಿ ಅಂದಿನಿಂದ ಬಟ್ಟೆಯನ್ನೇ ದ್ವೇಷಿಸಿದ ಹಾಸ್ಯಕಥೆಯನ್ನು ಹೇಳುತ್ತಾನೆ. ವ್ಯಾಯಾಮ ಮಾಡುತ್ತಿದ್ದ ರಾಮ್ಯುಲಸ್ ಮತ್ತು ರೀಮಸ್ ದನಗಳ್ಳರ ಸುದ್ದಿ ಕೇಳಿ ಇದ್ದ ಹಾಗೆಯೇ ಓಡಿದ್ದನ್ನೂ ಹೇಳುತ್ತಾನೆ. ಯಾವುದು ಸರಿಯೆಂದು ತೀರ್ಮಾನಿಸುವುದಿಲ್ಲ. ಮೇ ತಿಂಗಳ ಹೆಸರಿನ ಮೂಲದ ಬಗ್ಗೆ ಕಾವ್ಯದೇವತೆಗಳೇ ಮೂರು ಪಕ್ಷವಾಗಿ, ಮತಗಳು ಸಮವಾಗಿ, ವಿವಾದ ಹಾಗೆಯೇ ಉಳಿಯುತ್ತದೆ. ಜೂನ್ ತಿಂಗಳಿಗಾಗಿ ಮೂವರು ದೇವಿಯರು ಜಗಳವಾಡುತ್ತಾರೆ. ಟ್ರಾಯ್ ನಗರ ಇಂಥದೇ ತೀರ್ಪಿನಿಂದ ನಾಶವಾಯಿತೆಂಬುದನ್ನು ನೆನೆದು ಕವಿ ಜಾರಿಕೊಳ್ಳುತ್ತಾನೆ. ಏಪ್ರಿಲ್ 21ರ ಪರಿಲಿಯಾದಲ್ಲಿ ಹುಲ್ಲಿನ ಬೆಂಕಿಯನ್ನು ಹಾರುವುದಕ್ಕೆ ಆರೇಳು ಕಾರಣಗಳು ಸಾಲಾಗಿ ಬರುತ್ತವೆ: ಬೆಂಕಿ ಶುದ್ಧಿಕಾರಕ, ಬೆಂಕಿ ನೀರುಗಳು ಜೀವದ ಮೂಲ, ಕಲ್ಲಿಗೆ ಕಲ್ಲು ತಾಕಿಸಿ ಕಿಡಿ ಕಂಡ ಕುರುಬರು, ಟ್ರಾಯ್‌ನ ಜ್ವಾಲೆಯ ನಡುವೆ ದಾರಿ ಕಂಡ ಈನಿಯಸ್, ಹಳೆಯ ಗುಡಿಸಲುಗಳನ್ನು ಸುಟ್ಟು ಹೊಸ ನಗರಕ್ಕೆ ಹೊರಟ ಜನ.

ಇಂಥ ಕಡೆಗಳಲ್ಲಿ ಕವಿಗೆ ನಿಜಕಾರಣ ಗೊತ್ತಿರಲಿಲ್ಲವೆಂದು ಹಳಬರು ಮುಗಿಸುತ್ತಿದ್ದರು. ಮೇರಿ ಬಿಯರ್ಡ್ 1987ರ ಪ್ರಬಂಧದಲ್ಲಿ ಪರಿಲಿಯಾವನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಹಬ್ಬವೊಂದಕ್ಕೆ ಒಂದೇ ಮೂಲಾರ್ಥವಿದ್ದು ಉಳಿದವು ಕಾಲಾಂತರದ ಅಪಭ್ರಂಶಗಳೆಂಬ ಎಣಿಕೆಯನ್ನೇ ಪ್ರಶ್ನಿಸಿದರು. ಕುರಿಮಂದೆಯ ಹಬ್ಬವೂ ರೋಮ್ ನಗರದ ಹುಟ್ಟುಹಬ್ಬವೂ ಒಂದೇ ದಿನದಲ್ಲಿ ಕೂಡಿದ್ದು ಗೊಂದಲವಲ್ಲ. ಕುರಿಯನ್ನೇ ಕಾಣದ ನಗರವಾಸಿಗೆ ಪಂಚಾಂಗ ಅವನ ಭೂತಕಾಲದ ಹಲವು ಪದರಗಳನ್ನು ಒಟ್ಟಿಗೆ ತೋರಿಸುತ್ತಿದ್ದುದು ಹೀಗೆ. ಈ ವಾದ ‘ಫಾಸ್ಟಿ’ಯ ಓದಿಗೆ ಬಹಳ ಉಪಕಾರ ಮಾಡಿದೆ. ಆದರೆ ಅದರಿಂದ ಹುಟ್ಟಿದ ಮುಂದಿನ ವಿಮರ್ಶೆ ಅರ್ಥಗಳ ಬಹುತ್ವವನ್ನು ಸಂಭ್ರಮಿಸುವುದರಲ್ಲಿ ಬಹುತ್ವವಿಲ್ಲದ ಕಡೆಯನ್ನು ಮರೆತಿದೆ. ಕಾರಣಗಳು ಆರೇಳಾದರೂ ಕ್ರಿಯೆ ಒಂದೇ. ವೆಸ್ಟಾದೇವಿಯ ಕನ್ಯೆಯರು ಹಂಚುವ ಶುದ್ಧಿದ್ರವ್ಯದಲ್ಲಿ ಕುದುರೆಯ ರಕ್ತ, ಫೋರ್ಡಿಕಿಡಿಯಾದಂದು ಬಲಿಯಾದ ಗಬ್ಬದ ಹಸುವಿನ ಕರುವಿನ ಬೂದಿ, ಅವರೆಯ ಜಾತಿಯ ಕಾಳಿನ ಒಣದಂಟು ಇರಲೇಬೇಕು. ಕುರುಬ ಪೂರ್ವಕ್ಕೆ ಮುಖಮಾಡಿ ನಾಲ್ಕು ಸಲ ಪ್ರಾರ್ಥನೆ ಹೇಳಲೇಬೇಕು. ಇವುಗಳಿಗೆ ಓವಿಡ್ ಪರ್ಯಾಯ ಪಾಠ ಕೊಡುವುದಿಲ್ಲ. ಆ ಪ್ರಾರ್ಥನೆಯೂ ವಿಶಿಷ್ಟವಾದದ್ದು: ತಿಳಿಯದೆ ಪವಿತ್ರ ಮರದಡಿ ಕುಳಿತಿದ್ದರೆ, ಕುರಿಗಳು ಗೋರಿಯ ಮೇಲೆ ಮೇಯ್ದಿದ್ದರೆ, ನಿಷಿದ್ಧ ತೋಪನ್ನು ಹೊಕ್ಕಿದ್ದರೆ, ಊಟೆಯ ನೀರನ್ನು ಗೊರಸುಗಳು ಕದಡಿದ್ದರೆ ಮನ್ನಿಸು ಎಂಬುದು ಅದರ ಧಾಟಿ. ರೋಮನ್ ಧರ್ಮದಲ್ಲಿ ಅಂತರಂಗವಿಲ್ಲ, ಬರಿಯ ವಿಧಿಯಿದೆ ಎಂದು ಆಕ್ಷೇಪಿಸಿದವರು ಈ ಭಾಗವನ್ನು ಓದಿದಂತೆ ತೋರುವುದಿಲ್ಲ. ಜಾನ್ ಶೀಡ್ 2005ರ ಫ್ರೆಂಚ್ ಗ್ರಂಥದಲ್ಲಿ ಮಾಡುವುದೇ ನಂಬುವುದು ಎಂಬ ಸೂತ್ರದಿಂದ ಆ ಆಕ್ಷೇಪಕ್ಕೆ ಉತ್ತರಿಸಿದ್ದಾರೆ. ಓವಿಡನ ಕುರುಬ ಇನ್ನೂ ಒಂದು ಮಾತನ್ನು ಸೇರಿಸುತ್ತಾನೆ: ಕ್ರಿಯೆ ಸರಿಯಾಗಿರಬೇಕೆಂಬ ಆತಂಕವೇ ಒಂದು ಬಗೆಯ ಅಂತರಂಗ.

ಮೂರನೆಯ ಸರ್ಗದ ಅನ್ನಾ ಪೆರೆನ್ನಾ ವಿಷಯದಲ್ಲಿ ವಿಮರ್ಶೆಗೆ ಪುರಾತತ್ತ್ವದ ನೆರವು ಅನಿರೀಕ್ಷಿತವಾಗಿ ಒದಗಿದೆ. ಮಾರ್ಚ್ 15ರಂದು ಸಾಮಾನ್ಯ ಜನ ಟೈಬರ್ ನದಿಯ ಬಳಿ ಹುಲ್ಲಿನ ಮೇಲೆ ಕುಳಿತು, ಕೊಂಬೆಗಳಿಂದಲೋ ಬಟ್ಟೆಯಿಂದಲೋ ನೆರಳು ಮಾಡಿಕೊಂಡು, ಎಷ್ಟು ಬಟ್ಟಲು ಕುಡಿದರೆ ಅಷ್ಟು ವರ್ಷ ಆಯುಷ್ಯವೆಂದು ಲೆಕ್ಕಹಾಕಿ ಕುಡಿಯುತ್ತಾರೆ. ಕುಡಿದ ಮುದುಕಿಯೊಬ್ಬಳು ಕುಡಿದ ಮುದುಕನನ್ನು ಎಳೆದುಕೊಂಡು ಮನೆಗೆ ಹೋಗುವುದನ್ನು ಕವಿ ಕಂಡದ್ದಾಗಿ ಹೇಳುತ್ತಾನೆ. ಈ ದೇವಿ ಯಾರು? ಕಾರ್ಥೇಜಿನ ರಾಣಿ ಡೈಡೊಳ ತಂಗಿಯೇ, ಚಂದ್ರನೇ, ಜುಪಿಟರನಿಗೆ ಮೊದಲ ತುತ್ತು ಉಣಿಸಿದ ಅಪ್ಸರೆಯೇ, ಸಾಮಾನ್ಯಜನ ನಗರ ತೊರೆದು ಬೆಟ್ಟಕ್ಕೆ ಹೋದಾಗ ಅವರಿಗೆ ಬಿಸಿರೊಟ್ಟಿ ಹಂಚಿದ ಬೊವಿಲ್ಲೆಯ ಬಡ ಮುದುಕಿಯೇ? ಓವಿಡ್ ಎಲ್ಲರನ್ನೂ ಕರೆತರುತ್ತಾನೆ. 1999ರಲ್ಲಿ ರೋಮಿನ ಯೂಕ್ಲಿಡ್ ಚೌಕದಲ್ಲಿ ನೆಲದಡಿಯ ವಾಹನ ನಿಲುಗಡೆಗಾಗಿ ಅಗೆಯುವಾಗ ಅನ್ನಾ ಪೆರೆನ್ನಾಳ ಕಾರಂಜಿ ದೊರೆಯಿತು. ಅಲ್ಲಿನ ಶಾಸನಗಳಲ್ಲಿ ಒಂದು ಕ್ರಿ.ಶ. 156ರದು, ಅದರಲ್ಲಿ ಅನ್ನಾ ಪೆರೆನ್ನಾಳ ಅಪ್ಸರೆಯರ ಹೆಸರಿದೆ. ಕೊಳದ ತಳದಲ್ಲಿ ನಾಣ್ಯ, ದೀಪ, ಮೊಟ್ಟೆಯ ಚಿಪ್ಪುಗಳ ಜೊತೆಗೆ ಶಾಪ ಕೆತ್ತಿದ ಸೀಸದ ಹಾಳೆಗಳೂ ಸೀಸದ ಡಬ್ಬಿಗಳಲ್ಲಿ ಮುಚ್ಚಿಟ್ಟ ಮನುಷ್ಯಾಕೃತಿಯ ಬೊಂಬೆಗಳೂ ಇದ್ದವು. ಈ ಮಾಟದ ಸಾಮಗ್ರಿ ಓವಿಡನಿಗಿಂತ ಮೂರು ನಾಲ್ಕು ಶತಮಾನ ಈಚಿನದು. ಡೈಡೊಳ ತಂಗಿಯ ಸುಳಿವು ಅಲ್ಲೆಲ್ಲೂ ಇಲ್ಲ. ಕವಿಯ ಕಥೆಗಳಲ್ಲಿ ಒಂದನ್ನೂ ಬೇಡದೆ ಆರಾಧನೆ ಅಷ್ಟು ಶತಮಾನ ನಡೆದಿದೆ, ನಡೆಯುತ್ತ ತನ್ನ ಉದ್ದೇಶವನ್ನೂ ಬದಲಿಸಿಕೊಂಡಿದೆ. ಆಯುಷ್ಯ ಕೋರುವ ದೇವಿಯ ನೀರಿಗೆ ವೈರಿಯ ಬೊಂಬೆ ಬಂದು ಬಿತ್ತು. ಓವಿಡ್ ಕಂಡ ಸಂತೋಷದ ದಿನ ಈ ಶೋಧದಿಂದ ಸುಳ್ಳಾಗಲಿಲ್ಲ. ಆದರೆ ಆ ಹಬ್ಬವನ್ನು ಮುಗ್ಧ ಜನಪದ ವಿನೋದವೆಂದಷ್ಟೇ ಬಣ್ಣಿಸುತ್ತಿದ್ದ ಕೈಪಿಡಿಗಳನ್ನು ತಿದ್ದಬೇಕಾಗಿದೆ.

ಕಥೆಯಿಲ್ಲದ ದೇವತೆಯ ಸಮಸ್ಯೆ ವೆಸ್ಟಾಳಲ್ಲಿ ರೂಪವಿಲ್ಲದ ದೇವತೆಯ ಸಮಸ್ಯೆಯಾಗುತ್ತದೆ. ಆರನೆಯ ಸರ್ಗದಲ್ಲಿ ಕವಿ, ವೆಸ್ಟಾಳಿಗೆ ವಿಗ್ರಹವಿದೆಯೆಂದು ಬಹುಕಾಲ ಅವಿವೇಕದಿಂದ ಎಣಿಸಿದ್ದಾಗಿಯೂ ಆ ಗೋಳಾಕಾರದ ಮಾಡಿನಡಿ ವಿಗ್ರಹವೇ ಇಲ್ಲವೆಂದು ಆಮೇಲೆ ತಿಳಿದದ್ದಾಗಿಯೂ ಒಪ್ಪಿಕೊಳ್ಳುತ್ತಾನೆ. ಆಕೆ ಜೀವಂತ ಜ್ವಾಲೆಯೇ ಹೊರತು ಬೇರಲ್ಲ. ಇದು ಬರಿಯ ವಿನಯದ ಮಾತಲ್ಲ. ಮೂರನೆಯ ಸರ್ಗದಲ್ಲಿ ಸಿಲ್ವಿಯಾ ಅವಳಿಗಳನ್ನು ಹೆತ್ತಾಗ ವೆಸ್ಟಾಳ ವಿಗ್ರಹಗಳು ನಾಚಿ ಕೈಗಳಿಂದ ಕಣ್ಣು ಮುಚ್ಚಿಕೊಂಡವೆಂದು ಅವನೇ ಬರೆದಿದ್ದ. ಹಿಂದಿನ ಸಾಲನ್ನು ತಿದ್ದದೆ, ಮುಂದೆ ತಪ್ಪೊಪ್ಪಿಗೆಯನ್ನು ಸೇರಿಸಿದ್ದಾನೆ. ಕಾವ್ಯ ಅಪೂರ್ಣವಾದ್ದರಿಂದ ಉಳಿದುಹೋದ ಅಸಂಗತಿಯಿದು ಎಂಬ ವಿವರಣೆ ಸಾಧ್ಯವಾದರೂ, ತಪ್ಪೊಪ್ಪಿಗೆಗೆ ಆಧಾರವಾಗಿ ತಪ್ಪನ್ನೂ ಉಳಿಸಿಕೊಂಡನೆಂಬುದು ಹೆಚ್ಚು ಸಂಭಾವ್ಯ. ರೋಮನ್ನರು ಮೊದಲ 170 ವರ್ಷಗಳಿಗೂ ಹೆಚ್ಚು ಕಾಲ ವಿಗ್ರಹವಿಲ್ಲದೆ ಪೂಜಿಸಿದರೆಂದು ವ್ಯಾರೊ ಬರೆದಿದ್ದನೆಂಬುದು ಸಂತ ಅಗಸ್ಟೀನನ ಮೂಲಕ ತಿಳಿದುಬರುತ್ತದೆ. ವೆಸ್ಟಾಳ ಗುಡಿಯಲ್ಲಿ ಆ ಹಳೆಯ ರೋಮ್ ಇನ್ನೂ ಉಸಿರಾಡುತ್ತಿತ್ತು, ಓವಿಡ್ ಅದರೆದುರು ತನ್ನ ಗ್ರೀಕ್ ಕಣ್ಣನ್ನು ತಿದ್ದಿಕೊಳ್ಳುತ್ತಾನೆ. ಆದರೆ ಇನ್ನೂರು ಸಾಲು ದಾಟುವುದರೊಳಗೆ ಪ್ರಿಯಾಪಸನು ನಿದ್ರಿಸುತ್ತಿದ್ದ ವೆಸ್ಟಾಳ ಬಳಿ ಕಳ್ಳಹೆಜ್ಜೆಯಿಡುವ, ಕತ್ತೆ ಅರಚಿ ಕಾಪಾಡುವ ಪೋಲಿಕಥೆಯೂ ಬರುತ್ತದೆ. ಮೊದಲ ಸರ್ಗದಲ್ಲಿ ಬೇರೆ ಹೆಣ್ಣಿನ ಹೆಸರಿನಲ್ಲಿ ಇದೇ ಕಥೆ ಆಗಿಹೋಗಿದೆ. ಜ್ವಾಲೆಗೆ ಮೈ ಕೊಟ್ಟು ಮಲಗಿಸಿದ ಈ ಭಾಗವನ್ನು ಕವಿಯ ಗೆಲುವೆನ್ನುವುದು ಕಷ್ಟ. ರೂಢಿಯ ಕೈ ಅವನ ತಿಳಿವನ್ನು ಮೀರಿದೆ.

ವೆಸ್ಟಾಳ ಸುತ್ತ ರಾಜಕಾರಣವೂ ಇದೆ. ಅಗಸ್ಟಸ್ ಕ್ರಿ.ಪೂ. 12ರ ಮಾರ್ಚ್ 6ರಂದು ಪೊಂಟಿಫೆಕ್ಸ್ ಮ್ಯಾಕ್ಸಿಮಸ್, ಅಂದರೆ ಪ್ರಧಾನ ಧರ್ಮಾಧಿಕಾರಿಯಾದ. ಆ ಹುದ್ದೆಯವನು ವೆಸ್ಟಾಳ ಗುಡಿಯ ಬಳಿಯ ಸಾರ್ವಜನಿಕ ಗೃಹದಲ್ಲಿ ಇರುವುದು ಪದ್ಧತಿ. ಅಗಸ್ಟಸ್ ಅಲ್ಲಿಗೆ ಹೋಗಲಿಲ್ಲ. ಅದೇ ವರ್ಷ ಏಪ್ರಿಲ್ 28ರಂದು ಪ್ಯಾಲಟೈನ್ ಗುಡ್ಡದ ತನ್ನ ಮನೆಯಲ್ಲೇ ವೆಸ್ಟಾಳಿಗೆ ಸ್ಥಾನ ಕಲ್ಪಿಸಿದ. ಓವಿಡ್ ಎರಡೂ ದಿನಗಳನ್ನು ತಪ್ಪದೆ ಗುರುತಿಸಿದ್ದಾನೆ. ಈ ಬಿರುದು ಎಷ್ಟು ದೂರ ಹೋಯಿತೆಂಬುದಕ್ಕೆ ಕರ್ನಾಟಕದಲ್ಲಿಯೂ ಸಾಕ್ಷ್ಯವಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ದೊರೆತ ರೋಮನ್ ಬೆಳ್ಳಿನಾಣ್ಯಗಳ ನಿಧಿಯಲ್ಲಿ ಅಗಸ್ಟಸನ ಮತ್ತು ಅವನ ಉತ್ತರಾಧಿಕಾರಿ ಟೈಬೀರಿಯಸನ ನಾಣ್ಯಗಳಿದ್ದವು. ದಕ್ಷಿಣ ಭಾರತದಲ್ಲಿ ಹೇರಳವಾಗಿ ಸಿಗುವ ಟೈಬೀರಿಯಸನ ನಾಣ್ಯಮಾದರಿಯ ಹಿಂಬದಿಯಲ್ಲಿ ಕುಳಿತ ಸ್ತ್ರೀಮೂರ್ತಿಯೂ ‘ಪೊಂಟಿಫ್ ಮ್ಯಾಕ್ಸಿಮ್’ ಎಂಬ ಲೇಖವೂ ಇವೆ. ಓವಿಡ್ ಟೋಮಿಸ್‌ನಲ್ಲಿ ಕೊನೆಯ ವರ್ಷಗಳನ್ನು ಕಳೆಯುವಾಗ ಅಧಿಕಾರದಲ್ಲಿದ್ದವನು ಈ ಟೈಬೀರಿಯಸನೇ. ಟಂಕಸಾಲೆಗೆ ಚಕ್ರವರ್ತಿಯ ಅರ್ಚಕಪದವಿ ಬೇಕಿತ್ತು. ಆ ಪದವಿಯ ಹಿಂದಿದ್ದ ಬೆಂಕಿ, ಬೂದಿ, ಕಾಳುಗಳು ನಾಣ್ಯದ ಮೇಲೆ ಬರುವಂಥವಲ್ಲ.

ಓವಿಡ್ ಅರಮನೆಯ ಭಾಟನೋ ಗುಪ್ತ ವಿರೋಧಿಯೋ ಎಂಬ ಚರ್ಚೆ 1990ರ ದಶಕದಲ್ಲಿ ಕಾವೇರಿತು. ಬಾರ್ಕಿಯೇಸಿ 1994ರಲ್ಲಿ, ಕೆರೊಲ್ ನ್ಯೂಲ್ಯಾಂಡ್ಸ್ 1995ರಲ್ಲಿ ಪ್ರಕಟಿಸಿದ ಗ್ರಂಥಗಳು ಅದಕ್ಕೆ ತಳಹದಿ. ಆ ಚರ್ಚೆಯನ್ನು ಇಲ್ಲಿ ಪೂರ್ತಿ ಎತ್ತಿಕೊಳ್ಳುವ ಅಗತ್ಯವಿಲ್ಲ. ಫೆಬ್ರವರಿಯ ಎರಡು ದಿನಗಳು ಅದಕ್ಕಿಂತ ಆಳವಾದುದನ್ನು ಹೇಳುತ್ತವೆ. ಪಿತೃಗಳಿಗೆ ಹಂಚಿನ ತುಂಡಿನ ಮೇಲೆ ಹೂವು, ಕಾಳು, ಉಪ್ಪು, ಮದ್ಯದಲ್ಲಿ ನೆನೆಸಿದ ರೊಟ್ಟಿ ಇಡುವ ಫೆರಾಲಿಯಾದಂದು, ಫೆಬ್ರವರಿ 21ರಂದು, ಮುದುಕಿಯೊಬ್ಬಳು ಹುಡುಗಿಯರ ನಡುವೆ ಕುಳಿತು ಮೌನದೇವಿ ಟಾಕಿಟಾಳ ಕ್ರಿಯೆ ನಡೆಸುತ್ತಾಳೆ. ಹೊಸ್ತಿಲಡಿ ಇಲಿ ಕೊರೆದ ದಾರಿಯಲ್ಲಿ ಮೂರು ಬೆರಳಿನಿಂದ ಧೂಪ ಇಡುತ್ತಾಳೆ, ಬಾಯಲ್ಲಿ ಏಳು ಕಪ್ಪು ಕಾಳು ಹೊರಳಿಸುತ್ತಾಳೆ, ಮೀನಿನ ತಲೆಯ ಬಾಯಿ ಹೊಲಿದು ಸುಡುತ್ತಾಳೆ, ವೈರಿಗಳ ನಾಲಗೆ ಕಟ್ಟಿದೆವೆಂದು ಹೇಳಿ ಕುಡಿದು ಹೊರಟುಹೋಗುತ್ತಾಳೆ. ಮುಂದೆ ಓವಿಡ್ ಈ ದೇವಿಗೆ ಕಥೆ ಕೊಡುತ್ತಾನೆ. ಲಾರಾ ಎಂಬ ಮಾತುಗಾತಿ ಅಪ್ಸರೆ ಜುಪಿಟರನ ಪ್ರಣಯದ ಹಂಚಿಕೆಯನ್ನು ಹೊರಗೆಡಹಿದಳು. ಅವನು ಅವಳ ನಾಲಗೆ ಕಿತ್ತ. ಪಾತಾಳಕ್ಕೆ ಕರೆದೊಯ್ಯುವ ಮರ್ಕ್ಯುರಿ ದಾರಿಯಲ್ಲಿ ಅವಳ ಮೇಲೆ ಬಲಾತ್ಕಾರ ಮಾಡಿದ. ಬೇಡಿಕೊಳ್ಳಲು ಅವಳಿಗೆ ಬಾಯಿ ಇರಲಿಲ್ಲ. ಹುಟ್ಟಿದ ಅವಳಿಗಳೇ ನಗರದ ಕವಲುದಾರಿಗಳನ್ನು ಕಾಯುವ ಲಾರೆಸ್ ದೇವತೆಗಳು. ಅಗಸ್ಟಸ್ ಆ ಲಾರೆಸ್ ಆರಾಧನೆಯನ್ನು ನಗರದ ಬೀದಿಬೀದಿಗಳಲ್ಲಿ ನವೀಕರಿಸಿ ತನ್ನ ಹೆಸರಿನೊಂದಿಗೆ ಬೆಸೆದಿದ್ದ. ಈ ಕಥೆ ಬೇರೆ ಯಾವ ಪ್ರಾಚೀನ ಗ್ರಂಥದಲ್ಲೂ ಉಳಿದಿಲ್ಲ, ಬಹುಶಃ ಓವಿಡನದೇ ಸೃಷ್ಟಿ. ಮುದುಕಿಯ ಕ್ರಿಯೆಗೆ ಈ ಕಥೆ ಬೇಕಿರಲಿಲ್ಲ. ಕವಿಗೆ ಬೇಕಿತ್ತು. ಆಡಬಾರದ ಮಾತಿನ ಪಟ್ಟಿಯೇ ಆದ ಕಾವ್ಯದಲ್ಲಿ, ಆಡಿದ್ದಕ್ಕೆ ನಾಲಗೆ ಕಳೆದುಕೊಂಡವಳಿಗೆ ಅವನು ಮಾತ್ರ ಬಾಯಾಗಿದ್ದಾನೆ.

ಎರಡೇ ದಿನ ಕಳೆದು ಟರ್ಮಿನಾಲಿಯಾ. ನೆರೆಯ ಇಬ್ಬರು ರೈತರು ಎರಡು ಬದಿಯಿಂದ ಎಲ್ಲೆಗಲ್ಲಿಗೆ ಹಾರ ಹಾಕುತ್ತಾರೆ. ರೈತನ ಹೆಂಡತಿ ಒಲೆಯ ಕೆಂಡವನ್ನು ಹಂಚಿನ ಚೂರಿನಲ್ಲಿ ತರುತ್ತಾಳೆ. ಮುದುಕ ಸೌದೆ ಒಟ್ಟುತ್ತಾನೆ. ಹುಡುಗ ಬುಟ್ಟಿಯಿಂದ ಮೂರು ಸಲ ಕಾಳು ಎರಚುತ್ತಾನೆ, ಪುಟ್ಟ ಮಗಳು ಜೇನುಹಲ್ಲೆ ನೀಡುತ್ತಾಳೆ. ಇಡೀ ಕಾವ್ಯದಲ್ಲಿ ಕುಟುಂಬವೊಂದು ಪೂಜೆ ಮಾಡುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಭಾಗ ಇನ್ನೊಂದಿಲ್ಲ. ಕ್ಯಾಪಿಟಲ್ ಗುಡ್ಡದಲ್ಲಿ ಜುಪಿಟರನಿಗೆ ಗುಡಿ ಕಟ್ಟುವಾಗ ಎಲ್ಲ ದೇವರೂ ಜಾಗ ಬಿಟ್ಟರು, ಟರ್ಮಿನಸ್ ಕದಲಲಿಲ್ಲ ಎಂಬ ಹಳೆಯ ಐತಿಹ್ಯ ಇಲ್ಲಿ ಬರುತ್ತದೆ. ಬೇರೆ ಜನಾಂಗಗಳ ನೆಲಕ್ಕೆ ಎಲ್ಲೆಯಿದೆ, ರೋಮಿನ ಎಲ್ಲೆ ಲೋಕದ ಎಲ್ಲೆಯೇ ಎಂಬ ಹೊಗಳಿಕೆಯೊಂದಿಗೆ ಪ್ರಸಂಗ ಮುಗಿಯುತ್ತದೆ. ಸಾಮ್ರಾಜ್ಯದ ಅಂಚಿಗೆ ದೂಡಲ್ಪಟ್ಟು, ಅಲ್ಲಿಯೂ ಈ ಕೃತಿಯನ್ನು ತಿದ್ದುತ್ತ ಕುಳಿತವನ ಕೈಯಲ್ಲಿ ಆ ಸಾಲು ಹೊಗಳಿಕೆಯಾಗಿಯೇ ಉಳಿದೀತೆಂದು ಹೇಳಲಾಗದು.

ಓವಿಡನ ಕೊರತೆಗಳನ್ನೂ ಹೇಳಬೇಕು. ಜೂನ್ 1ರಂದು ಕಾಳು ಮತ್ತು ಹಂದಿಯ ಕೊಬ್ಬು ತಿನ್ನಿಸುವ ಕಾರ್ನಾ ದೇವಿಯನ್ನು ಬಾಗಿಲ ತಿರುಗಣಿಯ ದೇವಿ ಕಾರ್ಡಿಯಾಳೊಡನೆ ಅವನು ಬೆರೆಸಿಬಿಟ್ಟಿದ್ದಾನೆ. ಒಬ್ಬಳು ದೇಹದ ಒಳಾಂಗಗಳನ್ನು ಕಾಯುವವಳು, ಇನ್ನೊಬ್ಬಳು ಬಾಗಿಲಿನವಳು. ಒಂದೇ ಬಾಗಿಲಿಗೆ ಕದ, ತಿರುಗಣಿ, ಹೊಸ್ತಿಲು ಎಂದು ಮೂವರು ದೇವತೆಗಳೇ ಎಂದು ಅಗಸ್ಟೀನ್ ‘ದೇವನಗರ’ದಲ್ಲಿ ಗೇಲಿ ಮಾಡಿದ್ದು ಈ ಕಾರ್ಡಿಯಾಳನ್ನೂ ಕೂಡಿಸಿಯೇ. ಅಂಥ ಅಣುದೇವತೆಗಳ ಜಗತ್ತನ್ನು ವ್ಯಾರೊ ಶ್ರದ್ಧೆಯಿಂದ ಪಟ್ಟಿಮಾಡಿದ್ದ; ಆ ಹದಿನಾರು ಸಂಪುಟಗಳು ನಷ್ಟವಾಗಿವೆ. ಓವಿಡನಿಗೆ ಆ ಪಟ್ಟಿಯ ತಾಳ್ಮೆಯಿರಲಿಲ್ಲ.

ಜುಲೈನಿಂದ ಡಿಸೆಂಬರ್‌ವರೆಗಿನ ಆರು ತಿಂಗಳು ಕಾವ್ಯದಲ್ಲಿಲ್ಲ. ತಾನು ಹನ್ನೆರಡನ್ನೂ ಬರೆದಂತೆ ಅರ್ಥ ಬರುವ ಮಾತನ್ನು ಓವಿಡ್ ಗಡೀಪಾರಿನಿಂದ ಅಗಸ್ಟಸನಿಗೆ ಬರೆದ ಪದ್ಯಪತ್ರದಲ್ಲಿ ಆಡಿದ್ದಾನೆ. ಉಳಿದ ಆರರ ಒಂದು ಸಾಲೂ ದೊರೆತಿಲ್ಲ. ಹೀಗಾಗಿ ಡಿಸೆಂಬರಿನ ಸ್ಯಾಟರ್ನಾಲಿಯಾವನ್ನು ಅರಿಯಲು ನಾಲ್ಕು ಶತಮಾನ ಈಚಿನ ಮ್ಯಾಕ್ರೋಬಿಯಸನ ಬಳಿಗೆ ಹೋಗಬೇಕು. ಅಕ್ಟೋಬರ್ 15ರಂದು ಮಾರ್ಸ್ ದೇವರಿಗೆ ಬಲಿಯಾಗುತ್ತಿದ್ದ ಕುದುರೆಯ ವೃತ್ತಾಂತ ಇತರರ ಚದುರಿದ ಟಿಪ್ಪಣಿಗಳಿಂದ ತಿಳಿಯುತ್ತದೆ. ಪರಿಲಿಯಾದ ಶುದ್ಧಿದ್ರವ್ಯದಲ್ಲಿ ಬೆರೆಸುವ ಕುದುರೆಯ ರಕ್ತ ಅದರದೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಅದು ನಿಜವಾದರೆ, ಬರೆಯದೆ ಹೋದ ಅಕ್ಟೋಬರ್ ಬರೆದುಳಿದ ಏಪ್ರಿಲ್‌ನಲ್ಲಿ ಕಥೆಯಿಲ್ಲದೆ, ಕಾರಣವಿಲ್ಲದೆ, ಕರುವಿನ ಬೂದಿ ಮತ್ತು ಒಣದಂಟುಗಳ ನಡುವೆ ಒಂದು ದ್ರವ್ಯವಾಗಿ ಮಾತ್ರ ಇದೆ.